ಟ್ರಾನ್ಸ್‌ಫಾರ್ಮರ್‌ಗೆ ದುಡ್ಡು ಸುರಿಯುವ ಮುನ್ನ

ಗಿಟಾರ್ ನುಡಿಸುವ ಗೆಳೆಯನೊಬ್ಬ ತನ್ನ ಹಳೇ ವಾಲ್ವ್ ಆಂಪ್ಲಿಫೈಯರ್‌ನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬದಲಿಸಲು ಪಾರ್ಟ್‌ಟೈಮ್ ಕೆಲಸದ ಎರಡು ತಿಂಗಳ ಸಂಬಳ ಎತ್ತಿಟ್ಟಿದ್ದಾನೆ. ವಿದೇಶಿ ಕಂಪನಿಯದು ಹಾಕಿದರೆ ‘ಆ ಟೋನ್’ ಬಂದೇ ಬರುತ್ತದಂತೆ.

ವ್ಯತ್ಯಾಸವೇ ಇಲ್ಲ ಎಂದು ನಾನು ಹೇಳುವುದಿಲ್ಲ. ವಾಲ್ವ್‌ಗೆ ಸಾವಿರಾರು ಓಮ್ ಲೋಡ್ ಬೇಕು, ಸ್ಪೀಕರ್ ಇರುವುದು 8 ಓಮ್. ಅವೆರಡನ್ನು ಹೊಂದಿಸುವುದೇ ಈ ಟ್ರಾನ್ಸ್‌ಫಾರ್ಮರ್. ಕಬ್ಬಿಣದ ಕೋರ್ ಚಿಕ್ಕದಾಗಿದ್ದರೆ, ವಾಲ್ಯೂಮ್ ಏರಿಸಿದಾಗ 82 ಹರ್ಟ್ಸ್‌ನ ದಪ್ಪ ತಂತಿಯ ನಾದ ಮೊದಲು ಕೆಡುತ್ತದೆ. ತಂತಿಯ ಸುತ್ತುಗಳನ್ನು ಪದರ ಪದರವಾಗಿ ಬೆರೆಸಿ ಸುತ್ತದಿದ್ದರೆ ಮೇಲಿನ ಸ್ವರಗಳ ಹೊಳಪು ಮಂಕಾಗುತ್ತದೆ.

ಆದರೆ ವಾರ್ಡನ್‌ಗೆ ಹೆದರಿ ವಾಲ್ಯೂಮ್ ಎರಡರ ಮೇಲೆ ಏರಿಸದವನ ಆಂಪ್‌ನಲ್ಲಿ ಕೋರ್ ಸ್ಯಾಚುರೇಟ್ ಆಗುವುದು ಯಾವಾಗ?

1962ರಲ್ಲಿ ಲಂಡನ್ನಿನ ಮಾರ್ಷಲ್ ಅಂಗಡಿಯವರು ಅಮೆರಿಕದ ಫೆಂಡರ್ ಬಾಸ್‌ಮನ್ ಸರ್ಕ್ಯೂಟನ್ನೇ ಹೆಚ್ಚುಕಡಿಮೆ ನಕಲು ಮಾಡಿದರು. ನಾದ ಬೇರೆಯಾಯಿತು. ಟ್ರಾನ್ಸ್‌ಫಾರ್ಮರ್ ಬೇರೆ ಇತ್ತು, ನಿಜ. ಸ್ಪೀಕರ್‌ಗಳೂ ಬೇರೆ, ಹಿಂಬದಿ ಮುಚ್ಚಿದ ಪೆಟ್ಟಿಗೆಯೂ ಬೇರೆ. ಶ್ರೇಯಸ್ಸನ್ನೆಲ್ಲ ಟ್ರಾನ್ಸ್‌ಫಾರ್ಮರ್‌ಗೇ ಕೊಡುವುದು ಹೇಗೆ?

ಹೋಲಿಸಲೇಬೇಕಾದರೆ ಸ್ಪೀಕರ್, ವಾಲ್ವ್, ವಾಲ್ಯೂಮ್ ಎಲ್ಲ ಒಂದೇ ಇರಲಿ. ಯಾವುದು ಯಾವುದೆಂದು ಕೇಳುವವನಿಗೆ ಹೇಳಬೇಡಿ. ಎರಡರ ಪ್ರೈಮರಿ ಇಂಪೀಡೆನ್ಸ್ ಬೇರೆಯಾಗಿದ್ದರಂತೂ ನಿಮಗೆ ಕೇಳಿಸುವುದು ಲೋಡಿನ ವ್ಯತ್ಯಾಸವೂ ಹೌದು. ಅದನ್ನು ಕಂಪನಿಯ ಖಾತೆಗೆ ಬರೆಯಬೇಡಿ. (ಬಿಚ್ಚುವ ಕೆಲಸ ಬಲ್ಲವರದ್ದೇ ಆಗಲಿ. ಸ್ವಿಚ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು.)

ಇಷ್ಟು ಹೇಳಿದ್ದಕ್ಕೆ ಗೆಳೆಯ ಎರಡು ದಿನ ಮಾತು ಬಿಟ್ಟಿದ್ದ. ಮೊನ್ನೆ ಕ್ಯಾಂಟೀನಿನಲ್ಲಿ ಪಕ್ಕಕ್ಕೆ ಬಂದು ಕೂತು, ‘ಒಳ್ಳೇ ಸ್ಪೀಕರ್‌ಗೆ ಎಷ್ಟಾಗುತ್ತೋ?’ ಎಂದ.