ಸೀರೆ ತೂಗಲು ವೇ ಬ್ರಿಡ್ಜ್ ಬೇಕಿಲ್ಲ

ಮನೆಯ ಫೈರ್‌ವಾಲ್ ರೌಟರಿಗೆ ಫ್ಯಾನ್ ಇಲ್ಲದ, ಕಡಿಮೆ ಕರೆಂಟು ಕುಡಿಯುವ, ಎರಡು ಮೂರು ಲ್ಯಾನ್ ಪೋರ್ಟ್ ಇರುವ ಪುಟ್ಟ ಪೆಟ್ಟಿಗೆ ಸಾಕು ಎಂದು ನಾನು ಹೇಳುತ್ತ ಬಂದಿದ್ದೇನೆ. ಅದಕ್ಕೆ ಬಾಗಲಕೋಟೆಯ ನವನಗರದಿಂದ ಇಳಕಲ್‌ವರೆಗೆ ಗೆಳೆಯರ ತಕರಾರು ಎದ್ದಿದೆ. ಒಂದೊಂದಕ್ಕೂ ಉತ್ತರ ಕೊಡುತ್ತೇನೆ. ಒಂದು ಕಡೆ ತಪ್ಪು ನನ್ನದೇ, ಅದನ್ನೂ ಮುಚ್ಚಿಡುವುದಿಲ್ಲ.

ಒಂದು: "ನಮ್ಮಂಥಾ ಊರಾಗ ಇದೆಲ್ಲಾ ಯಾಕ ಬೇಕ್ರಿ? ಕಂಪನಿಯವರು ಕೊಟ್ಟ ಡಬ್ಬಿ ಐತಲ್ಲ."

ಆ ಡಬ್ಬಿಯಲ್ಲೂ ಫೈರ್‌ವಾಲ್ ಇದೆ, ಒಪ್ಪಿದೆ. ಅದಕ್ಕೆ ತೂತು ಕೊರೆಯುವವರು ನಾವೇ. ಇಳಕಲ್‌ನಲ್ಲಿ ಮುಂದೆ ಸೀರೆ ಅಂಗಡಿ, ಹಿಂದೆ ಮನೆ ಇರುವಲ್ಲಿ ನೋಡಿ. ಸಿಸಿಟಿವಿ ಮೊಬೈಲಿನಲ್ಲಿ ಕಾಣಲೆಂದು ಒಂದು ಪೋರ್ಟ್ ತೆರೆದಿರುತ್ತದೆ. ಪರಊರಿನಿಂದ ಟ್ಯಾಲಿ ನೋಡಲೆಂದು ರಿಮೋಟ್ ಡೆಸ್ಕ್‌ಟಾಪಿನ 3389 ತೆರೆದಿರುತ್ತದೆ. ಇಂಥ ಬಾಗಿಲುಗಳನ್ನು ತಟ್ಟುತ್ತ ಹಗಲಿರುಳು ಅಲೆಯುವ ಯಂತ್ರಗಳಿಗೆ ಬೆಂಗಳೂರೂ ಒಂದೇ, ಹುನಗುಂದವೂ ಒಂದೇ. 2016ರಲ್ಲಿ ಮಿರಾಯ್ ಎಂಬ ಹುಳು ಕ್ಯಾಮೆರಾ, ಡಿವಿಆರ್‌ಗಳೊಳಗೆ ಹೊಕ್ಕಿದ್ದು ಯಾರೂ ಬದಲಿಸದ ಪಾಸ್‌ವರ್ಡಿನಿಂದ. 2018ರಲ್ಲಿ ವಿಪಿಎನ್‌ಫಿಲ್ಟರ್ ಎಂಬ ಇನ್ನೊಂದು, ಐವತ್ತಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು ಐದು ಲಕ್ಷ ಸಾಧನಗಳನ್ನು ಹಿಡಿಯಿತು. ಅವುಗಳಲ್ಲಿ ಬಹುಪಾಲು ಮನೆ ಮತ್ತು ಸಣ್ಣ ಕಚೇರಿಗಳ ರೌಟರ್‌ಗಳೇ.

ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುವುದು ಇಳಕಲ್ ನೇಯ್ಗೆಯ ಹೆಗ್ಗುರುತು. ನಾನು ಹೇಳುವ ಪೆಟ್ಟಿಗೆಯಲ್ಲಿ ಓಡುವ ವಿಪಿಎನ್ ಮಾಡುವುದೂ ಆ ಕೆಲಸವನ್ನೇ. ಹೊರಗಿರುವ ನಿಮ್ಮ ಮೊಬೈಲನ್ನು ಮನೆಯ ಜಾಲಕ್ಕೆ ಕೊಂಡಿ ಹಾಕುತ್ತದೆ. ಕ್ಯಾಮೆರಾಕ್ಕೊಂದು, ಟ್ಯಾಲಿಗೊಂದು ಬಾಗಿಲು ತೆರೆದಿಡುವ ಪ್ರಸಂಗವೇ ಬರುವುದಿಲ್ಲ.

ಎರಡು: "ಮೂಲ್ಯಾಗ ಹಳೇ ಪಿಸಿ ಬಿದ್ದೈತಿ. ಇನ್ನೊಂದು ಲ್ಯಾನ್ ಕಾರ್ಡ್ ಹಾಕಿದ್ರ ಆತು, ಪುಕ್ಕಟೆ."

ಕೈ ಪಳಗಿಸಿಕೊಳ್ಳಲು ಅದಕ್ಕಿಂತ ಒಳ್ಳೆಯದಿಲ್ಲ. ಪುಕ್ಕಟೆ ಎಂಬುದು ಮಾತ್ರ ಸುಳ್ಳು. 60 ವ್ಯಾಟಿನ ಪಿಸಿ ವರ್ಷವಿಡೀ ಓಡಿದರೆ ಸುಮಾರು 525 ಯೂನಿಟ್, 10 ವ್ಯಾಟಿನ ಪೆಟ್ಟಿಗೆಗೆ 88. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ವರ್ಷಕ್ಕೆ ಸುಮಾರು 2,600 ರೂಪಾಯಿ ಹೆಚ್ಚಿಗೆ ಹೆಸ್ಕಾಂ ಬಿಲ್ಲಿಗೆ ಹೋಯಿತು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಧೂಳು ಕುಡಿದ ಫ್ಯಾನ್ ಎಷ್ಟು ದಿನ ಬಾಳೀತು? ಕರೆಂಟು ಹೋದಾಗ ಪಿಸಿಗೆ ಇನ್ವರ್ಟರೇ ಬೇಕು. 12 ವೋಲ್ಟಿನ ಪೆಟ್ಟಿಗೆಗೆ ರೌಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ನಡೆಯುತ್ತದೆ. ಇನ್ನೊಂದು ಮಾತು: ಎಇಎಸ್ ಗೂಢಲಿಪಿಯ ಲೆಕ್ಕವನ್ನು ಚಿಪ್ಪೇ ನೇರವಾಗಿ ಮಾಡುವ ಸೌಲಭ್ಯ ಇಂಟೆಲ್‌ನಲ್ಲಿ ಬಂದದ್ದು 2010ರಿಂದ. ಅದಕ್ಕಿಂತ ಹಳೆಯ ಪಿಸಿಯಲ್ಲಿ ಓಪನ್‌ವಿಪಿಎನ್ ಎಂಬ ವಿಪಿಎನ್ ತಂತ್ರಾಂಶ ಏದುಸಿರು ಬಿಡುತ್ತದೆ.

ಮೂರು: "ಹಂಗಾರ ರಾಸ್ಪ್‌ಬೆರಿ ಪೈ ತಗೋರಿ, ಐದಾರು ವ್ಯಾಟ್‌ನಾಗ ಮುಗೀತೈತಿ."

ಕರೆಂಟಿನ ಲೆಕ್ಕ ಸರಿ. ಆದರೆ ಪೈ 4ಕ್ಕೆ ಲ್ಯಾನ್ ಪೋರ್ಟ್ ಒಂದೇ, ಎಇಎಸ್ ಸೌಲಭ್ಯವೂ ಇಲ್ಲ. ವೈರ್‌ಗಾರ್ಡ್ ಎಂಬ ಇನ್ನೊಂದು ವಿಪಿಎನ್‌ಗೆ ಎಇಎಸ್ ಹಂಗಿಲ್ಲ, ಅದರದು ಚಾಚಾ20 ಎಂಬ ಬೇರೆ ಲಿಪಿ. ವೈರ್‌ಗಾರ್ಡ್ 2020ರಿಂದ ಲಿನಕ್ಸ್ ಕರ್ನಲ್ಲಿನೊಳಗೇ ಇದೆ. ಹಾಗಾಗಿ ಓಪನ್‌ಡಬ್ಲ್ಯೂಆರ್‌ಟಿ ಎಂಬ ರೌಟರ್ ತಂತ್ರಾಂಶ ಹಾಕಿ, ವೈರ್‌ಗಾರ್ಡ್ ಮಾತ್ರ ಸಾಕು ಎನ್ನುವವರ ಜೊತೆ ನನಗೆ ಜಗಳವಿಲ್ಲ. ಮೆಮೊರಿ ಕಾರ್ಡ್ ಮಾತ್ರ ಎರಡು ಇಟ್ಟುಕೊಳ್ಳಿ. ಪದೇ ಪದೇ ಕರೆಂಟು ಹೋಗುವ ಮನೆಯಲ್ಲಿ ಮೊದಲು ಸಾಯುವುದು ಅದೇ.

ನಾಲ್ಕು: "ತಗೊಳ್ಳೂದ ತಗೋತೀವಿ, ದೊಡ್ಡದ ತಗೊಂಡ್ರ ಮುಂದ ಚಿಂತಿ ಇಲ್ಲ."

ಇಳಕಲ್ ಗ್ರಾನೈಟ್ ತೂಗುವ ವೇ ಬ್ರಿಡ್ಜ್ ಮೇಲೆ ಸೀರೆ ತೂಗಿದಂತೆ ಇದು. ಹೊರಗಿನಿಂದ ಮನೆಯ ಕ್ಯಾಮೆರಾ ನೋಡುವಾಗ ವೇಗ ನಿರ್ಧರಿಸುವುದು ನಿಮ್ಮ ಲೈನಿನ ಅಪ್‌ಲೋಡ್. 100 ಎಂಬಿಪಿಎಸ್ ಲೈನಿಗೆ ಸರ್ವರ್ ಚಿಪ್ ತಂದರೆ ಅದು ಕೂತು ಬಿಸಿಯಾಗುವುದಷ್ಟೇ ಲಾಭ. 2023ರಲ್ಲಿ ಬಂದ ಇಂಟೆಲ್ ಎನ್100 ಚಿಪ್ಪಿಗೆ ನಾಲ್ಕು ಕೋರ್, 6 ವ್ಯಾಟ್. ಜೊತೆಗೆ 8 ಜಿಬಿ ರ್‍ಯಾಮ್ ಇದ್ದರೆ ಮನೆಯ ಕೆಲಸಕ್ಕೆ ಧಾರಾಳ. ಉಳಿದ ದುಡ್ಡು ಲ್ಯಾನ್ ಪೋರ್ಟಿಗೆ ಹಾಕಿ. ಪಿಎಫ್‌ಸೆನ್ಸ್, ಒಪಿಎನ್‌ಸೆನ್ಸ್ ಎಂಬ ಫೈರ್‌ವಾಲ್ ತಂತ್ರಾಂಶಗಳೆರಡೂ ನಿಂತಿರುವುದು ಫ್ರೀಬಿಎಸ್‌ಡಿ ಮೇಲೆ. ಅಲ್ಲಿ ರಿಯಲ್‌ಟೆಕ್ ಪೋರ್ಟಿಗಿಂತ ಇಂಟೆಲ್ ಪೋರ್ಟಿಗೆ ತಂಟೆ ಕಡಿಮೆ. ಮೂರನೆಯ ಪೋರ್ಟ್ ಇದ್ದರೆ ಕ್ಯಾಮೆರಾಗಳನ್ನು ಅದರಲ್ಲೇ ಬೇರೆ ಕಟ್ಟಿಹಾಕಬಹುದು.

ಐದು: "ವಿಪಿಎನ್ ಅಂದ್ರ ಕಾನೂನಿಗೆ ವಿರುದ್ಧ ಅಲ್ರಿ?"

ಅಲ್ಲ. ಸೈಬರ್ ಸುರಕ್ಷೆಯ ಕೇಂದ್ರ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಗ್ರಾಹಕರ ವಿವರವನ್ನು ಐದು ವರ್ಷ ಇಡಬೇಕೆಂದದ್ದು ವಿಪಿಎನ್ ಸೇವೆ ಮಾರುವವರಿಗೆ. ನಿಮ್ಮ ಮನೆಗೆ ನೀವೇ ಹೋಗುವ ದಾರಿಗೆ ಅದು ಸಂಬಂಧಿಸಿದ್ದಲ್ಲ.

ಆರು: "ಬಾದಾಮಿ ಕೋಟೇನ ಪಲ್ಲವರು ಹಿಡಿದ್ರು. ನಿಮ್ಮ ಡಬ್ಬಿ ಏನ ತಡೀತೈತಿ?"

543ರಲ್ಲಿ ಒಂದನೇ ಪುಲಕೇಶಿ ಕಟ್ಟಿಸಿದ ಕೋಟೆ 642ರಲ್ಲಿ ಬಿತ್ತು, ನಿಜ. ಒಂದನೇ ವಿಕ್ರಮಾದಿತ್ಯ ಅದನ್ನು ಮರಳಿ ಗೆದ್ದದ್ದೂ ಅಷ್ಟೇ ನಿಜ. ಬೀಳದ ಕೋಟೆ ಎಂದು ನಾನು ಯಾವತ್ತೂ ಮಾರಿಲ್ಲ. ಟ್ಯಾಲಿಯ ಬ್ಯಾಕಪ್ ದಿನಾ ಬೇರೆ ಡಿಸ್ಕಿಗೆ, ರೌಟರ್ ಸೆಟ್ಟಿಂಗಿನ ಪ್ರತಿ ಒಂದು ಪೆನ್ ಡ್ರೈವಿಗೆ ಹೋಗಲಿ. ಮರಳಿ ಗೆಲ್ಲುವುದು ಅದರಿಂದ.

ಏಳು: "ಎಲ್ಲಾ ನೀವು ಹೇಳಿದಂಗ ಮಾಡಿದ್ವಿ. ಹೊರಗಿಂದ ಕನೆಕ್ಟ್ ಆಗವಲ್ದು."

ಇಲ್ಲಿ ಸೋತವನು ನಾನು. ನನ್ನ ಮಾತು ನಂಬಿ ಪೆಟ್ಟಿಗೆ ತಂದ ಇಳಕಲ್ ಗೆಳೆಯರ ಮನೆಯಲ್ಲಿ ಒಂದು ಸಂಜೆ ಪೂರ್ತಿ ಸೆಟ್ಟಿಂಗ್ ತಿದ್ದುತ್ತ ಕೂತೆ. ಪೆಟ್ಟಿಗೆ ಸರಿಯಿತ್ತು, ಚಿಪ್ ಸರಿಯಿತ್ತು. ಮನೆಗೆ ಸ್ವಂತ ವಿಳಾಸವೇ ಇರಲಿಲ್ಲ. ಐಪಿ ವಿಳಾಸ ಸಾಲದೆ ಕಂಪನಿಗಳು ಹಲವು ಮನೆಗಳಿಗೆ ಒಂದನ್ನೇ ಹಂಚುತ್ತವೆ. ಇಡೀ ಚಾಳಕ್ಕೆ ಒಂದೇ ಮನೆ ನಂಬರ್ ಇದ್ದಂತೆ. ಒಳಗಿಂದ ಹೋದವರು ಮರಳಿ ಬರುತ್ತಾರೆ, ಹೊಸದಾಗಿ ಬಂದ ಬೀಗರಿಗೆ ಮನೆ ಸಿಗುವುದಿಲ್ಲ.

ರೌಟರ್ ತೋರಿಸುವ ವ್ಯಾನ್ ವಿಳಾಸ 100.64ರಿಂದ 100.127ರ ನಡುವೆ ಶುರುವಾದರೆ ನಿಮ್ಮದೂ ಅಂಥ ಮನೆಯೇ. ಆಗ ಕಂಪನಿಯಿಂದ ಸ್ಟ್ಯಾಟಿಕ್ ಐಪಿ ಕೇಳಬೇಕು, ಇಲ್ಲವೇ ಐಪಿವಿ6 ದಾರಿ ನೋಡಬೇಕು, ಇಲ್ಲವೇ ಹೊರಗೊಂದು ಸಣ್ಣ ಸರ್ವರ್ ಬಾಡಿಗೆಗೆ ಹಿಡಿಯಬೇಕು. ಎಷ್ಟು ದುಬಾರಿ ಪೆಟ್ಟಿಗೆ ತಂದರೂ ಇದಕ್ಕೆ ಮದ್ದಿಲ್ಲ.

ಹಾಗಾಗಿ ನನ್ನ ಪಟ್ಟಿಯ ತಲೆಯ ಮೇಲೆ ಒಂದು ಸಾಲು ಸೇರಿಸಿದ್ದೇನೆ: ಪೆಟ್ಟಿಗೆ ಕೊಳ್ಳುವ ಮೊದಲು ವಿಳಾಸ ನೋಡಿ. ಉಳಿದ ಸಾಲುಗಳಲ್ಲಿ ಒಂದಕ್ಷರವನ್ನೂ ಹಿಂದೆಗೆದುಕೊಳ್ಳುವುದಿಲ್ಲ.