ಕ್ರಿಪ್ಟೋ ಹೆಸರಿನ ಕಳ್ಳ ಇ-ಮೇಲ್: ಮೊದಲು ವಿಳಾಸ ಓದಿ

ಕನ್ನಡ ಸಂಘದ ಪುಟದಲ್ಲಿ ಬಿಟ್‌ಕಾಯಿನ್ ವಿಷಯ ಏಕೆ ಎಂದು ಕೆಲವರು ಹುಬ್ಬೇರಿಸಬಹುದು. ಬೆಳುಗುಪ್ಪ, ರಾಯದುರ್ಗ, ಮಡಕಶಿರಾ ಕಡೆಯ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರು, ಬಳ್ಳಾರಿ, ಹೈದರಾಬಾದ್‌ಗಳಲ್ಲಿ ಕೆಲಸದಲ್ಲಿದ್ದಾರೆ. ಅವರ ಮೊಬೈಲ್‌ನಲ್ಲಿ ಕ್ರಿಪ್ಟೋ ಆಪ್ ಇರುವುದು ಈಗ ಅಪರೂಪವಲ್ಲ. ಊರಲ್ಲಿರುವ ಅಪ್ಪನ ಪ್ಯಾನ್ ಕಾರ್ಡ್, ಬ್ಯಾಂಕ್ ಖಾತೆ ಕೊಟ್ಟು ಆಪ್ ತೆರೆದವರೂ ಇದ್ದಾರೆ. ಖಾತೆ ಯಾರ ಹೆಸರಿನಲ್ಲಿದೆಯೋ ಇ-ಮೇಲ್ ಬರುವುದು ಅವರಿಗೇ. ಕ್ರಿಪ್ಟೋ ಕೊಳ್ಳಬೇಕೋ ಬೇಡವೋ ಎಂಬುದು ಅವರವರ ವಿವೇಚನೆ, ಅದನ್ನು ಇಲ್ಲಿ ಚರ್ಚಿಸುವುದಿಲ್ಲ.

2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಭಾರತದ ದೊಡ್ಡ ವಿನಿಮಯ ಕೇಂದ್ರದಿಂದ ಸುಮಾರು 2,000 ಕೋಟಿ ರೂಪಾಯಿ ಮೌಲ್ಯದ ಕ್ರಿಪ್ಟೋ ಕಳುವಾಯಿತು. ಗ್ರಾಹಕರ ಹಣ ತಿಂಗಳುಗಟ್ಟಲೆ ಸಿಕ್ಕಿಕೊಂಡಿತು. ಒಂದು ವರ್ಷದ ಮೇಲೆ, 2025ರ ಜುಲೈ 19ರಂದು, ಕಾಯಿನ್‌ಡಿಸಿಎಕ್ಸ್ ಸಂಸ್ಥೆಯ ಖಾತೆಯಿಂದ ಸುಮಾರು 4.4 ಕೋಟಿ ಡಾಲರ್ ಹೋಯಿತು. ಅದು ಸಂಸ್ಥೆಯ ಸ್ವಂತ ಹಣ, ಗ್ರಾಹಕರದ್ದಲ್ಲ ಎಂದು ಅವರು ಹೇಳಿದರು. ಆ ಪ್ರಕರಣದಲ್ಲಿ ಬೆಂಗಳೂರು ಪೊಲೀಸರು ಸಂಸ್ಥೆಯದೇ ಒಬ್ಬ ನೌಕರನನ್ನು ಬಂಧಿಸಿದರು. ಕಚೇರಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಆತ ಅಪರಿಚಿತರಿಗೆ ಬಿಡುವಿನ ಕೆಲಸ ಮಾಡಿಕೊಡುತ್ತಿದ್ದ, ಆ ದಾರಿಯಲ್ಲೇ ಕಳ್ಳರು ಒಳಹೊಕ್ಕರು ಎಂಬುದು ಪೊಲೀಸರ ಆರೋಪ. ಕಂಪ್ಯೂಟರನ್ನೇ ಅರೆದು ಕುಡಿದ ಕಂಪನಿಯ ಬಾಗಿಲು ಹೀಗೆ ತೆರೆದುಕೊಂಡಿತೆಂದ ಮೇಲೆ ನಮ್ಮ ನಿಮ್ಮ ಮಾತೇನು?

ಕಳ್ಳ ಮೇಲ್‌ಗಳ ಸುಗ್ಗಿ ಶುರುವಾಗುವುದು ಇಂಥ ಸುದ್ದಿಯ ಬೆನ್ನಿಗೇ. ಹಣ ಸಿಕ್ಕಿಕೊಂಡವನು ಆತಂಕದಲ್ಲಿರುತ್ತಾನೆ, ‘ನಿಮ್ಮ ಬಾಕಿ ಹಿಂಪಡೆಯಲು ಇಲ್ಲಿ ಒತ್ತಿ’ ಎಂಬ ಸಾಲು ಕಂಡರೆ ಕೈ ತಾನಾಗಿ ಹೋಗುತ್ತದೆ. ಅಮೆರಿಕದಲ್ಲಿ ಎಫ್‌ಟಿಎಕ್ಸ್ ಎಂಬ ಕೇಂದ್ರ 2022ರ ನವೆಂಬರಿನಲ್ಲಿ ದಿವಾಳಿಯಾಯಿತು. ಹಣ ಕಳೆದುಕೊಂಡವರ ಅರ್ಜಿಗಳನ್ನು ನೋಡಿಕೊಳ್ಳುತ್ತಿದ್ದ ಕ್ರೋಲ್ ಸಂಸ್ಥೆಯಿಂದ 2023ರ ಆಗಸ್ಟಿನಲ್ಲಿ ಅರ್ಜಿದಾರರ ವಿವರಗಳು ಸೋರಿದವು. ಆಮೇಲೆ ಆ ಜನರಿಗೇ ‘ನಿಮ್ಮ ಹಣ ಸಿದ್ಧವಿದೆ’ ಎಂಬ ನಕಲಿ ಮೇಲ್‌ಗಳು ಹೋದವು. ಗಾಯದ ಮೇಲೆ ಬರೆ ಎಳೆಯುವುದು ಅಂದರೆ ಇದೇ.

ಬ್ಯಾಂಕಿನ ವಂಚನೆಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಬ್ಯಾಂಕಿನಲ್ಲಿ ತಪ್ಪು ವರ್ಗಾವಣೆಯಾದರೆ ತಡೆಹಿಡಿಯಲು ಒಬ್ಬ ಮ್ಯಾನೇಜರ್ ಇರುತ್ತಾನೆ, ಮೇಲೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇರುತ್ತಾನೆ. ಕ್ರಿಪ್ಟೋ ಒಮ್ಮೆ ಹೋಯಿತೆಂದರೆ ರದ್ದು ಮಾಡುವ ಅಧಿಕಾರಿ ಯಾರೂ ಇಲ್ಲ. ಕ್ರಿಪ್ಟೋ ಕೇಂದ್ರಗಳ ದೂರು ಆ ಒಂಬುಡ್ಸ್‌ಮನ್ ವ್ಯಾಪ್ತಿಗೂ ಬರುವುದಿಲ್ಲ. ಲಾಭದ ಮೇಲೆ 2022ರ ಏಪ್ರಿಲ್‌ನಿಂದ ಶೇ. 30 ತೆರಿಗೆ, ಅದೇ ಜುಲೈನಿಂದ ಶೇ. 1 ಟಿಡಿಎಸ್ ಮಾತ್ರ ತಪ್ಪದೆ ಇದೆ. ತೆರಿಗೆಯುಂಟು, ಅಹವಾಲು ಕೇಳುವ ಕಟ್ಟೆಯಿಲ್ಲ!

ಈ ತೆರಿಗೆಯೂ ಕಳ್ಳರಿಗೆ ಗಾಳವಾಗಿದೆ. 2025ರಲ್ಲಿ ಆದಾಯ ತೆರಿಗೆ ಇಲಾಖೆ ಕ್ರಿಪ್ಟೋ ಲಾಭ ತೋರಿಸದ ಸಾವಿರಾರು ಜನರಿಗೆ ನಿಜವಾಗಿಯೇ ಇ-ಮೇಲ್ ಕಳಿಸಿತು. ಹಾಗಾಗಿ ‘ಇಲಾಖೆ ಮೇಲ್ ಕಳಿಸುವುದೇ ಇಲ್ಲ’ ಎಂದು ಕುಳಿತುಕೊಳ್ಳುವಂತಿಲ್ಲ, ಬಂದದ್ದೆಲ್ಲ ಇಲಾಖೆಯದೇ ಎಂದು ನಂಬುವಂತೆಯೂ ಇಲ್ಲ. ಉಪಾಯ ಸರಳ. ಮೇಲ್‌ನಲ್ಲಿರುವ ಕೊಂಡಿ ಒತ್ತಬೇಡಿ. ಇಲಾಖೆಯ ತಾಣದ ವಿಳಾಸವನ್ನು ನೀವೇ ಬೆರಳಚ್ಚು ಮಾಡಿ ಒಳಗೆ ಹೋಗಿ. ನಿಜವಾದ ನೋಟಿಸು ಇದ್ದರೆ ಅಲ್ಲಿ ಕಾಣುತ್ತದೆ. ಅದರ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇರಲೇಬೇಕು.

ಇನ್ನು ವಿಳಾಸ ಓದುವ ಬಗೆ. ಇದು ನಮ್ಮ ಗಡಿನಾಡಿನವರಿಗೆ ಹೊಸದಲ್ಲ. ‘ಬಳ್ಳಾರಿ ರಸ್ತೆ, ರಾಯದುರ್ಗ’ ಎಂದು ಲಕೋಟೆಯ ಮೇಲೆ ಬರೆದಿದ್ದರೆ ಪೋಸ್ಟ್‌ಮ್ಯಾನ್ ಅದನ್ನು ಬಳ್ಳಾರಿಗೆ ಒಯ್ಯುವುದಿಲ್ಲ, ಕೊನೆಯಲ್ಲಿರುವ ಊರನ್ನು ನೋಡುತ್ತಾನೆ. ಇಂಟರ್‌ನೆಟ್ ವಿಳಾಸವೂ ಹಾಗೆಯೇ. ‘ಕಾಯಿನ್‌ಡಿಸಿಎಕ್ಸ್ ಡಾಟ್ ವೆರಿಫೈ-ಲಾಗಿನ್ ಡಾಟ್ ಕಾಂ’ ಎಂದಿದ್ದರೆ ಕಾಯಿನ್‌ಡಿಸಿಎಕ್ಸ್ ಬರೀ ರಸ್ತೆಯ ಹೆಸರು. ಮನೆಯ ಯಜಮಾನ ‘ಡಾಟ್ ಕಾಂ’ಗೆ ತಾಗಿಕೊಂಡಿರುವ ವೆರಿಫೈ-ಲಾಗಿನ್ ಎಂಬ ಯಾರೋ. ಮೊದಲ ಓರೆಗೆರೆ ಬರುವವರೆಗೆ ಮಾತ್ರ ನೋಡಿ, ಅಲ್ಲಿಂದ ಹಿಂದಕ್ಕೆ ಓದಿ. ಕಳಿಸಿದವರ ಹೆಸರನ್ನಂತೂ ನಂಬಲೇಬೇಡಿ. ಹೆಸರಿನ ಜಾಗದಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಆ ಹೆಸರಿನ ಮೇಲೆ ಬೆರಳಿಟ್ಟರೆ ಒಳಗಿನ ಪೂರ್ತಿ ವಿಳಾಸ ತೆರೆದುಕೊಳ್ಳುತ್ತದೆ.

ಅಕ್ಷರದಲ್ಲೂ ಮೋಸವಿದೆ. 2022ರ ಏಪ್ರಿಲ್‌ನಲ್ಲಿ ಟ್ರೆಜರ್ ಎಂಬ ಕಂಪನಿಯ ಗ್ರಾಹಕರಿಗೆ ಬಂದ ನಕಲಿ ಮೇಲ್‌ನಲ್ಲಿ ಕಂಪನಿಯ ಹೆಸರು ಸರಿಯಾಗಿಯೇ ಕಾಣುತ್ತಿತ್ತು. ಇಂಗ್ಲಿಷಿನ ‘ಇ’ ಅಕ್ಷರದ ಕೆಳಗೆ ಒಂದು ಸಣ್ಣ ಚುಕ್ಕಿ ಇತ್ತು, ಅಷ್ಟೇ ವ್ಯತ್ಯಾಸ. ದ-ಧ, ಪ-ಫ ಬೇಧ ಗೊತ್ತಿರುವ ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಮೊಬೈಲ್ ಪರದೆಯಲ್ಲಿ ಆ ಚುಕ್ಕಿ ಧೂಳಿನ ಕಣದಂತೆ ಕಾಣುತ್ತದೆ. ಬ್ಯಾಂಕುಗಳ ವಿಷಯದಲ್ಲಿ ಈಗ ಸ್ವಲ್ಪ ಅನುಕೂಲವಾಗಿದೆ. ರಿಸರ್ವ್ ಬ್ಯಾಂಕಿನ ಆದೇಶದಂತೆ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳ ತಾಣಗಳೆಲ್ಲ ‘ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯಬೇಕಿತ್ತು. ಕ್ರಿಪ್ಟೋ ಕೇಂದ್ರಗಳಿಗೆ ಅಂಥ ಗುರುತಿನ ಮೊಹರು ಇಲ್ಲ.

ಮೊದಲೆಲ್ಲ ಇಂಥ ಮೇಲ್‌ಗಳನ್ನು ಭಾಷೆಯ ತಪ್ಪಿನಿಂದಲೇ ಹಿಡಿಯಬಹುದಿತ್ತು. ಈಗ ಕೃತಕ ಬುದ್ಧಿಮತ್ತೆ ಬಂದು ಕಳ್ಳನ ಇಂಗ್ಲಿಷೂ ಸುಧಾರಿಸಿದೆ, ಕನ್ನಡ, ತೆಲುಗೂ ಸುಮಾರಾಗಿ ಬರುತ್ತದೆ. ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್ ಸರಿಯಾಗಿದೆ ಎಂಬುದೂ ಪುರಾವೆಯಲ್ಲ. ಕಾಯಿನ್‌ಬೇಸ್ ಎಂಬ ಅಮೆರಿಕದ ಸಂಸ್ಥೆಯ ಹೊರದೇಶದ ಸಹಾಯವಾಣಿ ಸಿಬ್ಬಂದಿಗೆ ಲಂಚ ಕೊಟ್ಟು ಗ್ರಾಹಕರ ಹೆಸರು, ವಿಳಾಸ, ಗುರುತಿನ ಚೀಟಿಯ ಚಿತ್ರಗಳನ್ನು ಕದ್ದದ್ದು 2025ರ ಮೇ ತಿಂಗಳಲ್ಲಿ ಬಯಲಾಯಿತು. ಲೆಜರ್ ಎಂಬ ಫ್ರಾನ್ಸಿನ ಕಂಪನಿಯಿಂದ 2020ರಲ್ಲಿ ಸುಮಾರು 10 ಲಕ್ಷ ಇ-ಮೇಲ್ ವಿಳಾಸಗಳು ಸೋರಿದವು, ಸುಮಾರು 2.7 ಲಕ್ಷ ಜನರ ಮನೆ ವಿಳಾಸವೂ ಹೋಯಿತು. ವರ್ಷಗಳ ನಂತರವೂ ಲೆಜರ್ ಗ್ರಾಹಕರ ಮನೆಗೆ ಅಂಚೆಯಲ್ಲಿ ಕಂಪನಿಯ ಲಾಂಛನವಿರುವ ನಕಲಿ ಪತ್ರಗಳು ಬಂದಿವೆ. ಅಂದರೆ ಕಾಗದವಾದರೂ ಅಷ್ಟೇ, ಲೆಟರ್‌ಹೆಡ್ ನೋಡಿ ಮೋಸಹೋಗಬಾರದು.

ಈ ಎಲ್ಲ ಮೇಲ್‌ಗಳು ಕೊನೆಗೆ ಕೇಳುವುದು ಬಹುಮಟ್ಟಿಗೆ ಎರಡನ್ನೇ: ಪಾಸ್‌ವರ್ಡ್ ಮತ್ತು ಒಟಿಪಿ, ಇಲ್ಲವೇ ‘ಸೀಡ್ ಫ್ರೇಸ್’ ಎಂಬ 12 ಅಥವಾ 24 ಪದಗಳ ಪಟ್ಟಿ. ಎರಡನೆಯದು ಹೆಚ್ಚು ಅಪಾಯ. ಸ್ವಂತ ವ್ಯಾಲೆಟ್ ಇಟ್ಟುಕೊಂಡವರಿಗೆ ಆ ಪದಗಳೇ ಬೀಗದಕೈ. ಅವು 2,048 ಪದಗಳ ಒಂದು ನಿಗದಿತ ಪಟ್ಟಿಯಿಂದ ಬರುತ್ತವೆ. ಇಂಗ್ಲಿಷ್, ಜಪಾನಿ, ಸ್ಪ್ಯಾನಿಷ್, ಕೊರಿಯನ್ ಮುಂತಾದ ಪಟ್ಟಿಗಳಿವೆ, ಕನ್ನಡದ್ದಿಲ್ಲ. (ಇಲ್ಲೂ ನಮ್ಮ ಪಾಲಿಗೆ ಜಾಗವಿಲ್ಲ!) ಅರ್ಥವಾಗದ ಇಂಗ್ಲಿಷ್ ಪದಗಳು ಮರೆತುಹೋದಾವೆಂದು ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಮಗಳಿಗೋ ಅಳಿಯನಿಗೋ ಕಳಿಸಿಡುವುದುಂಟು. ದಯವಿಟ್ಟು ಬೇಡ. ಕಾಗದದಲ್ಲಿ ಬರೆದು ಮನೆಪತ್ರ, ಪಹಣಿ ಇಡುವ ಪೆಟ್ಟಿಗೆಯಲ್ಲಿಡಿ. ಯಾವ ಕಂಪನಿಯ ಸಹಾಯ ವಿಭಾಗಕ್ಕೂ ಆ ಪದಗಳ ಅಗತ್ಯ ಬೀಳುವುದಿಲ್ಲ. ಕೇಳಿದವನು ಕಳ್ಳನೇ, ಅನುಮಾನವೇ ಬೇಡ. ‘24 ಗಂಟೆಯೊಳಗೆ’ ಎಂದು ಅವಸರ ಮಾಡಿದರಂತೂ ಮತ್ತೂ ಖಾತ್ರಿ.

ಆಗಲೇ ಒತ್ತಿಬಿಟ್ಟಿದ್ದರೆ? ಪಾಸ್‌ವರ್ಡ್ ಮಾತ್ರ ಹೋಗಿದ್ದರೆ ತಕ್ಷಣ ಬದಲಿಸಿ, ಇ-ಮೇಲ್‌ನ ಪಾಸ್‌ವರ್ಡನ್ನೂ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ. ಸೀಡ್ ಪದಗಳನ್ನೇ ಕೊಟ್ಟಿದ್ದರೆ ಪಾಸ್‌ವರ್ಡ್ ಬದಲಿಸಿ ಪ್ರಯೋಜನವಿಲ್ಲ, ಉಳಿದದ್ದನ್ನು ಬೇರೆ ಫೋನಿನಲ್ಲಿ ಹೊಸ ವ್ಯಾಲೆಟ್ ಮಾಡಿ ಕೂಡಲೇ ಸಾಗಿಸಬೇಕು. ಜೊತೆಗೆ 1930ಕ್ಕೆ ಕರೆ ಮಾಡಿ. ಕದ್ದ ಕ್ರಿಪ್ಟೋ ನೋಂದಾಯಿತ ಕೇಂದ್ರವೊಂದಕ್ಕೆ ಬಂದು ಸೇರಿದರೆ, ಇಲ್ಲವೇ ಹಣ ಬ್ಯಾಂಕಿನ ಮೂಲಕ ಹೋಗಿದ್ದರೆ, ಬೇಗ ತಿಳಿಸಿದಷ್ಟೂ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಆ ಮೇಲನ್ನು ಸಿಟ್ಟಿನಿಂದ ಅಳಿಸಬೇಡಿ, ಅದೇ ಸಾಕ್ಷಿ.

ನಮ್ಮವರಿಗೆ ಇಲ್ಲೊಂದು ಗಡಿ ತೊಡಕಿದೆ. ಮನೆ ಆಂಧ್ರದಲ್ಲಿ, ಸಿಮ್ ಕರ್ನಾಟಕದ್ದು, ಖಾತೆ ಬಳ್ಳಾರಿಯ ಬ್ಯಾಂಕಿನಲ್ಲಿ, ಹಣ ಕಳೆದುಕೊಂಡಾಗ ಇದ್ದದ್ದು ಬೆಂಗಳೂರಿನಲ್ಲಿ. ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂದು ಠಾಣೆಯಲ್ಲಿ ಹೇಳಿದರೆ ಹಿಂತಿರುಗಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ‘ಜೀರೋ ಎಫ್‌ಐಆರ್’ ಎಂದು ಕೇಳಿ. ದೂರನ್ನು ವಿದ್ಯುನ್ಮಾನವಾಗಿ ಕಳಿಸಿದರೆ ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು.

ದೂರಿನ ಮಾದರಿಯನ್ನು ಕನ್ನಡ ಮತ್ತು ತೆಲುಗು ಎರಡರಲ್ಲೂ ಸಿದ್ಧಪಡಿಸುತ್ತಿದ್ದೇನೆ. ಮುಂದಿನ ಮಾಸಿಕ ಸಭೆಯಲ್ಲಿ ಅರ್ಧ ಗಂಟೆ ಇದಕ್ಕೇ ಮೀಸಲು. ಅನುಮಾನದ ಮೇಲ್ ಬಂದಿರುವವರು ಅಳಿಸದೆ, ಒತ್ತದೆ, ಫೋನನ್ನು ಹಾಗೆಯೇ ತನ್ನಿ. ಓದುವ ಕನ್ನಡಕ ಮರೆಯಬೇಡಿ.

— ಕಾರ್ಯದರ್ಶಿ