ಕೋಣೆ ತಪ್ಪುವ ದೀಪಗಳು

ಬಾಯಿಮಾತಿನ ಅಪ್ಪಣೆಗೆ ದೀಪ ಹತ್ತಿಸಿ ಆರಿಸುವ ಸ್ಮಾರ್ಟ್ ಸ್ಪೀಕರು ಈಗ ಅನೇಕ ಮನೆಗಳನ್ನು ಸೇರಿರುವುದಷ್ಟೆ. ದೀಪಾವಳಿಗೆಂದು ಮನೆ ಗುಡಿಸಿ ಸಾರಿಸುವಾಗ ನಮ್ಮ ಸ್ಪೀಕರನ್ನು ತಾಯಿಯವರ ಕೋಣೆಯಿಂದ ತೆಗೆದು ನಡುಮನೆಯಲ್ಲಿಟ್ಟೆವು. ಅಂದು ರಾತ್ರಿ ನಾನು ನಡುಮನೆಯಲ್ಲಿ ಕುಳಿತು, ಕೋಣೆಯ ಹೆಸರು ಹೇಳದೆ, ದೀಪ ಆರಿಸೆಂದು ಇಂಗ್ಲಿಷಿನಲ್ಲಿ ಅಪ್ಪಣೆಯಿತ್ತೆನು. ನಡುಮನೆಯ ದೀಪ ಉರಿಯುತ್ತಲೇ ಇದ್ದಿತು. ತಾಯಿಯವರ ಕೋಣೆ ಕತ್ತಲಾಯಿತು. 78 ವರ್ಷದ ಅವರು ಆಗತಾನೆ ಮಂಚದಿಂದ ಇಳಿಯುತ್ತಿದ್ದರು. “ಯಾರೋ ದೀಪ ಆರಿಸಿದ್ದು?” ಎಂದು ಕೂಗಿ ಗೋಡೆ ಹಿಡಿದು ನಿಂತರು, ಬೀಳಲಿಲ್ಲವೆಂಬುದು ನಮ್ಮ ಪುಣ್ಯ.

ದೋಷ ಯಂತ್ರದ್ದಲ್ಲ, ನಮ್ಮದು. ತಾನೆಲ್ಲಿರುವೆನೆಂದು ನೋಡಲು ಸ್ಪೀಕರಿಗೆ ಕಣ್ಣಿಲ್ಲ. ಫೋನಿನ ಆಪಿನಲ್ಲಿ ಯಾವ ಕೋಣೆಗೆ ಸೇರಿಸಿರುವೆವೋ ಅದನ್ನೇ ತನ್ನದೆಂದು ನಂಬುತ್ತದೆ. ಆದುದರಿಂದ ಸ್ಥಳ ಬದಲಾದೊಡನೆ ಆಪಿನಲ್ಲಿಯೂ ಬದಲಾಯಿಸತಕ್ಕದ್ದು. ಅಲೆಕ್ಸಾದ ಆಪಿನಲ್ಲಿ ಕೋಣೆಗೊಂದು ‘ಗ್ರೂಪ್’ ಮಾಡಿ, ಆ ಕೋಣೆಯ ದೀಪಗಳನ್ನೂ ಸ್ಪೀಕರನ್ನೂ ಅದರಲ್ಲಿಯೇ ಕೂಡಿಸಬೇಕು, ಹಳೆಯ ಗುಂಪಿನಿಂದ ತೆಗೆಯಬೇಕು. ಗೂಗಲ್ ಹೋಮಿನಲ್ಲಿ ಇದಕ್ಕೆ ‘ರೂಮ್’ ಎಂದು ಹೆಸರು.

ದೀಪಗಳಿಗೆ ಒಂದನ್ನೊಂದು ಹೋಲುವ ಹೆಸರಿಡುವುದೂ ತೊಂದರೆಗೆ ಮೂಲ. ಅವಳಿಮಕ್ಕಳ ಮನೆಯಲ್ಲಿ ಈ ಕಷ್ಟ ಎಲ್ಲರಿಗೂ ತಿಳಿದುದೇ. ಎರಡು ಸ್ಪೀಕರುಗಳಿದ್ದರೆ ಪಕ್ಕದ ಕೋಣೆಯದು ಓಗೊಟ್ಟು ತನ್ನ ಕೋಣೆಯ ದೀಪವನ್ನೇ ಹತ್ತಿಸುವುದುಂಟು; ಅಂಥಲ್ಲಿ ಕೋಣೆಯ ಹೆಸರು ಹಿಡಿದೇ ಅಪ್ಪಣೆ ಕೊಡುವುದು ಲೇಸು.

ತಾಯಿಯವರ ಕೋಣೆಯ ದೀಪವನ್ನು ಮಾತ್ರ ನಾವು ಆಪಿನಿಂದಲೇ ತೆಗೆದುಬಿಟ್ಟೆವು. ಗೋಡೆಯ ಸ್ವಿಚ್ಚೇ ತಮಗೆ ಸಾಕೆಂದು ಅವರು ಮೊದಲೇ ಹೇಳಿದ್ದರು.